ಯಂತ್ರ ಕೆಟ್ಟಿರಲಿಲ್ಲ

ಅವ್ವನ ಬೀಪಿ ಯಂತ್ರ ಸರಿಯಾಗಿದೆಯೋ ಇಲ್ಲವೋ ಎಂದು ಮೊದಲು ನೋಡಿದ್ದು ನನ್ನ ತೋಳಿನ ಮೇಲೆ.

ಅವ್ವ ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮನೆ ಬೀದರ್‌ನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಮ್ಮದು ಮೆಥಡಿಸ್ಟ್ ಸಭೆ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಹಿರಿಯರಿಗೆಲ್ಲ ಬೀಪಿ ನೋಡುವ ಕೆಲಸವನ್ನು ಅವಳು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ಅದಕ್ಕೆಂದೇ ಸಭೆಯವರು ಕೂಡಿ ಹೊಸ ಯಂತ್ರ ಕೊಡಿಸಿದ್ದರು. ಮುದುಕರು ಸಾಲಾಗಿ ಕೂರುವ ಮೊದಲು ಅವ್ವ ನನ್ನನ್ನು ಕರೆದು ತೋಳಿಗೆ ಪಟ್ಟಿ ಸುತ್ತಿದಳು. ಇಡೀ ಸಭೆಯಲ್ಲಿ ಬೀಪಿ ಇರಲು ಸಾಧ್ಯವೇ ಇಲ್ಲ ಎಂದು ಅವಳಿಗೆ ಖಾತ್ರಿ ಇದ್ದದ್ದು ನನ್ನೊಬ್ಬಳ ಬಗ್ಗೆ. ಆಗಷ್ಟೇ ಶಿಕ್ಷಕಿಯ ಕೆಲಸ ಹಿಡಿದ ಹುಡುಗಿ, ಹೊಟ್ಟೆತುಂಬ ಉಣ್ಣುವವಳು, ಕ್ವಾಯರ್‌ನಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವಳು. ನನ್ನ ಮೇಲೆ ಸರಿಯಾದ ಅಂಕಿ ಬಂದರೆ ಯಂತ್ರ ಸರಿ, ಬರದಿದ್ದರೆ ಯಂತ್ರ ಕೆಟ್ಟಿದೆ ಎಂಬುದು ಅವಳ ಲೆಕ್ಕ.

ಹೊಸ ಯಂತ್ರದ ಮೊದಲ ಭಾನುವಾರವೇ ಮುಳ್ಳು ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮೇಲೆ ನಿಂತಿತು. ಅವ್ವ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದಳು, ಮತ್ತೆ ಅದೇ. "ಮಷೀನ್ ಖರಾಬ್ ಅದ" ಎಂದು ಎಲ್ಲರನ್ನೂ ಮನೆಗೆ ಕಳಿಸಿದಳು. ಮರುದಿನ ಅಂಗಡಿಗೆ ಒಯ್ದು ಕೊಟ್ಟರೆ ಅಂಗಡಿಯವನು ತನ್ನ ತೋಳಿಗೇ ಕಟ್ಟಿಕೊಂಡು ನೋಡಿ, "ಸಿಸ್ಟರ್, ಮಷೀನ್ ಬರೋಬರ್ ಅದರೀ. ನಿಮ್ದೇ ಏನರ ಮಿಸ್ಟೇಕ್ ಆಗಿರಬೇಕು" ಅಂದ. ಅವ್ವನಿಗೆ ಅವಮಾನವಾಯಿತು. ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಬೀಪಿ ನೋಡಿದ ಕೈ ಅದು. ಜಗಳ ಮಾಡಿ ಬೇರೆ ಯಂತ್ರ ತಂದಳು. ಅದೂ ನನ್ನ ತೋಳಿನ ಮೇಲೆ ಹಾಗೆಯೇ ಹೇಳಿತು.

ಆಗ ಅವ್ವನಿಗೆ ಇನ್ನೊಂದು ಕಾರಣ ಹೊಳೆಯಿತು. "ನಿನ್ನ ತೋಳು ದಪ್ಪ ಅದ. ಈ ಪಟ್ಟಿ ಸಣ್ಣದಾಯ್ತು. ಸಣ್ಣ ಪಟ್ಟಿ ಕಟ್ಟಿದ್ರ ಜಾಸ್ತಿ ತೋರಸ್ತದ" ಅಂದಳು. ಅದು ಸುಳ್ಳಲ್ಲ, ನರ್ಸುಗಳಿಗೆಲ್ಲ ಗೊತ್ತಿರುವ ಸಂಗತಿಯೇ. ಗೊತ್ತಿರುವುದರಿಂದಲೇ ಅವಳು ಮೋಸಹೋದಳು. ಮುಂದಿನ ತಿಂಗಳಿಂದ ನನ್ನನ್ನು ಬಿಟ್ಟು ಪಾಸ್ಟರರ ಸಪೂರ ಮಗಳ ತೋಳಿನ ಮೇಲೆ ಯಂತ್ರ ಪರೀಕ್ಷೆ ಆಗತೊಡಗಿತು. ನಾನು ದಪ್ಪ ತೋಳಿನವಳು ಎಂದು ಕ್ವಾಯರ್‌ನವರಿಗೆಲ್ಲ ಗೊತ್ತಾದದ್ದೊಂದೇ ನನಗೆ ಆಗ ಕಾಡಿದ ಕಷ್ಟ.

ಅವ್ವ ಯಾಕೆ ಹೀಗೆ ಊರಿನವರ ಬೀಪಿಯ ಹಿಂದೆ ಬಿದ್ದಿದ್ದಳು ಎಂಬುದನ್ನು ಇಲ್ಲಿಯೇ ಹೇಳಬೇಕು. ಅಪ್ಪ ಬಗದಲ್‌ನವರು. ನಾನು ಹೈಸ್ಕೂಲಿನಲ್ಲಿದ್ದಾಗ ಹೊಲ ನೋಡಲು ಹೋದವರು ಬದುವಿನ ಮೇಲೆ ಕುಸಿದರು, ಮತ್ತೆ ಏಳಲಿಲ್ಲ. ಬೀಪಿ ಏರಿ ಮಿದುಳಿನ ನರ ಒಡೆದಿತ್ತು. ತಮಗೆ ಬೀಪಿ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ನರ್ಸಾಗಿದ್ದ ಹೆಂಡತಿ ಗಂಡನ ತೋಳಿಗೆ ಒಮ್ಮೆಯೂ ಪಟ್ಟಿ ಸುತ್ತಿರಲಿಲ್ಲ. ಗಟ್ಟಿ ಆಳು, ನಲವತ್ತು ದಾಟಿ ಕೆಲವೇ ವರ್ಷ, ಅವರಿಗೇನು ಆದೀತು ಎಂದು ಬಿಟ್ಟಿದ್ದಳು. ವರಾಂಡದ ಕುರ್ಚಿ ಹುಟ್ಟಿದ್ದು ಆಮೇಲೆ.

ನಾನು ಔರಾದ್ ತಾಲೂಕಿನ ಠಾಣಾ ಕುಶನೂರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಲ್ಲಿಯೇ ಒಂದು ಕೋಣೆ ಹಿಡಿದಿದ್ದೆ, ಶನಿವಾರ ಬೀದರ್‌ನ ಮನೆಗೆ ಬರುತ್ತಿದ್ದೆ. ತಲೆನೋವು ಬರುತ್ತಿತ್ತು, ಮಕ್ಕಳ ಗದ್ದಲ ಅಂದುಕೊಂಡೆ. ನಡೆದರೆ ಮೀನಖಂಡ ಹಿಡಿಯುತ್ತಿತ್ತು, ಮೈಭಾರ ಅಂದುಕೊಂಡೆ. ನನ್ನ ಮೈಯ ಎಲ್ಲ ದೂರುಗಳಿಗೂ ನನ್ನ ತೂಕವೇ ಉತ್ತರವಾಗಿತ್ತು. ಯಾವ ವೈದ್ಯರ ಹತ್ತಿರವೂ ಹೋಗುವ ಅಗತ್ಯ ಕಾಣಲಿಲ್ಲ.

ಒಂದು ಮಧ್ಯಾಹ್ನ ಹಲಗೆಯ ಮೇಲೆ ಬರೆಯುತ್ತಿದ್ದಾಗ ಮೂಗಿನಿಂದ ರಕ್ತ ಇಳಿಯಿತು. ತೊಟ್ಟಿಕ್ಕಿದ್ದಲ್ಲ, ಇಳಿಯಿತು. ಸೀರೆಯ ನೆರಿಗೆಯೆಲ್ಲ ಒದ್ದೆ. ಪಕ್ಕದ ತರಗತಿಯ ಶಿವಲೀಲಾ ಅಕ್ಕ ಓಡಿ ಬಂದರು. ಅದೇ ಊರಿನ ರೈತರ ಮನೆಯವರು, ಹಣೆತುಂಬ ವಿಭೂತಿ, ಯಾವುದಕ್ಕೂ ಗಾಬರಿಯಾಗದ ಹೆಂಗಸು. ಉಷ್ಣ ಆಗಿದೆ, ಉಳ್ಳಾಗಡ್ಡಿ ಮೂಸಿಸಿರಿ ಎಂದು ಬಾಗಿಲಲ್ಲಿ ನಿಂತವರು ಹೇಳುತ್ತಿದ್ದರೆ ಅಕ್ಕ ನನ್ನ ಮೂಗು ಒತ್ತಿ ಹಿಡಿದು ತಲೆ ಮುಂದಕ್ಕೆ ಬಗ್ಗಿಸಿ ಕೂಡಿಸಿದರು. ರಕ್ತ ನಿಂತ ಮೇಲೆ ತಮ್ಮ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಊರಿನ ಡಾಕ್ಟರರ ಹತ್ತಿರ ಕರೆದೊಯ್ದರು.

ಅಲ್ಲಿ ಕಾಂಪೌಂಡರ್ ಅಕ್ಕನ ಕಡೆ ತಿರುಗಿ, "ಬೀಪಿ ನಿಮಗ ನೋಡಬೇಕೇನ್ರಿ?" ಅಂದ. ಹೀಗೆ ಶುರುವಾಯಿತು. ಮುಂದೆ ನಾನು ಕೂತ ಪ್ರತಿಯೊಂದು ವೇಟಿಂಗ್ ಹಾಲಿನಲ್ಲೂ ಜನ ನನ್ನ ಪಕ್ಕದವರನ್ನೇ ಪೇಶಂಟ್ ಅಂದುಕೊಂಡರು. ಇಪ್ಪತ್ತೈದು ತುಂಬದವಳಿಗೆ ಬೀಪಿ ಎಂದರೆ ಕೆಲವರು ನಕ್ಕರು, ಕೆಲವರು ಮದುವೆಯಾಗಿದೆಯೇ ಎಂದು ಕೇಳಿದರು.

ಡಾಕ್ಟರು ಎರಡು ಸಲ ನೋಡಿದರು, ಆಮೇಲೆ ದೊಡ್ಡ ಪಟ್ಟಿ ತರಿಸಿ ಮೂರನೆಯ ಸಲ. ಮೇಲಿನ ಅಂಕಿ ನೂರ ತೊಂಬತ್ತರ ಹತ್ತಿರ. ಅವ್ವನಿಗೆ ಫೋನ್ ಮಾಡಿ ಹೇಳಿದೆ.

"ಅಲ್ಲಿ ಮಷೀನ್ ಹಳೇದಿರಬೇಕು" ಅಂದಳು. ಅಂಕಿಯನ್ನು ಮತ್ತೊಮ್ಮೆ ಹೇಳಿಸಿಕೊಂಡಳು. "ಅಲ್ಲೇ ಕುಂದರು, ಎಲ್ಲಿಗೂ ಹೋಗಬ್ಯಾಡ. ನಾ ಬರ್ತೇನಿ" ಅಂದಾಗ ಅವಳ ದನಿ ಬೇರೆಯೇ ಆಗಿತ್ತು. ಡ್ಯೂಟಿಯ ಬಿಳಿ ಸೀರೆಯಲ್ಲಿಯೇ ಭಾಲ್ಕಿಯಿಂದ ಬಸ್ಸು ಬದಲಿಸಿ ಬಂದಳು. ಬಂದವಳು ನನ್ನನ್ನು ನೋಡಲಿಲ್ಲ, ಡಾಕ್ಟರರ ಯಂತ್ರವನ್ನು ನೋಡಿದಳು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತೊಂದಿತ್ತು. ಅಪ್ಪನ ದಾರಿಯಲ್ಲಿಯೇ ಮಗಳೂ ಹೊರಟಿದ್ದಾಳೆ ಎಂಬುದು ಆ ಮಾತು. ನನಗೆ ಸಾವಿನ ಹೆದರಿಕೆ ಅಷ್ಟಾಗಿ ಇರಲಿಲ್ಲ, ಆ ವಯಸ್ಸಿಗೆ ಅದು ಅರ್ಥವೂ ಆಗುವುದಿಲ್ಲ. ಅವ್ವನನ್ನು ಮತ್ತೊಮ್ಮೆ ಅಂಥದೇ ಸುದ್ದಿಗೆ ಬಸ್ಸು ಹತ್ತಿಸುತ್ತೇನಲ್ಲ ಎಂಬ ಹೆದರಿಕೆ ಇತ್ತು.

ಡಾಕ್ಟರು ಮಾತ್ರೆ ಬರೆದುಕೊಟ್ಟು ತೂಕ ಇಳಿಸಲು, ಉಪ್ಪು ಕಡಿಮೆ ಮಾಡಲು ಹೇಳಿದರು. ಹೆಣ್ಣುಮಗಳು ಮೈಕೈ ತುಂಬಿಕೊಂಡಿದ್ದಾಳೆ ಎಂದು ನಿನ್ನೆಯವರೆಗೆ ಹೊಗಳಿದವರೇ ಅಂದಿನಿಂದ, ತಿಂದು ತಿಂದು ಹೀಗಾಯಿತು ಎನ್ನತೊಡಗಿದರು. ಅವ್ವ ಅಡುಗೆಮನೆಯನ್ನು ಆಸ್ಪತ್ರೆ ಮಾಡಿದಳು. ಹಪ್ಪಳ ಹೋಯಿತು, ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತು. ಪುಂಡಿಪಲ್ಯದಲ್ಲಿ ಉಪ್ಪಿಲ್ಲದಿದ್ದರೆ ಅದು ಎಂಥ ಶಿಕ್ಷೆ ಎಂಬುದು ನಮ್ಮ ಕಡೆ ಉಂಡವರಿಗೇ ಗೊತ್ತು. ಕುಶನೂರಿನಲ್ಲಿ ಬೆಳಗಾದರೆ ತೊಗರಿ ಹೊಲಗಳ ನಡುವಿನ ದಾರಿಯಲ್ಲಿ ನಡೆದೆ, ನಡೆದದ್ದು ಓಟವಾಯಿತು. ಭಾನುವಾರ ಬೀದರ್‌ನ ಕೋಟೆಯ ಕಡೆ. ಕಾಲು ಹಿಡಿದಾಗಲೆಲ್ಲ, ಇದು ಸೋಮಾರಿತನ, ಇನ್ನೂ ಸ್ವಲ್ಪ ಓಡು ಎಂದು ನನ್ನನ್ನು ನಾನೇ ಬೈದುಕೊಂಡೆ. ಮೇಲೆ ತೋಳು, ಭುಜ ಎಲ್ಲ ಗಟ್ಟಿಯಾದವು. ಕಾಲು ಮಾತ್ರ ಯಾರದೋ ಕಾಲಿನಂತೆ ಸಪೂರವಾಗಿ, ತಣ್ಣಗೆ ಉಳಿಯಿತು. ಬೇಸಿಗೆಯ ನಡುಮಧ್ಯಾಹ್ನದಲ್ಲೂ ನನ್ನ ಪಾದ ತಣ್ಣಗಿರುತ್ತಿತ್ತು. ಎಲ್ಲರದೂ ಹಾಗೆಯೇ ಇರುತ್ತದೆ ಅಂದುಕೊಂಡಿದ್ದೆ. ಹುಟ್ಟಿದಾಗಿನಿಂದ ಬೇರೆ ಪಾದ ನನಗೆ ಇರಲಿಲ್ಲವಲ್ಲ.

ತೂಕ ಇಳಿಯಿತು. ರವಿಕೆಗಳನ್ನೆಲ್ಲ ಹಿಡಿಸಬೇಕಾಯಿತು, ಉಂಗುರ ಜಾರತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಅದು ಒಳ್ಳೆಯದೇ ಆಯಿತು. ಆದರೆ ಬೀಪಿ ಇಳಿಯಲಿಲ್ಲ. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಅವ್ವನಿಗೆ ನನ್ನ ಮೇಲೆ ಅನುಮಾನ ಬಂತು. ಒಮ್ಮೆ ಶನಿವಾರ ನಾನು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಕೈ ಹಿಡಿದು ಬೆರಳು ಮೂಸಿದಳು.

"ಖರೇ ಹೇಳು. ಅಲ್ಲಿ ಶೇಂಗಾ ಹಿಂಡಿ, ಉಪ್ಪಿನಕಾಯಿ ತಿನ್ಲತ್ತಿ ಹೌದಿಲ್ಲೊ?"

"ಇಲ್ಲವ್ವ."

"ಹಂಗಾದ್ರ ಯಾಕ ಇಳಿವಲ್ದು?"

"ನಂಗೇನು ಗೊತ್ತು? ನೀ ನರ್ಸಿದ್ದಿ, ನೀನೇ ಹೇಳು."

ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಊಟ ಮಾಡದೆ ಕೂತೆ. ಮೈ ಬೆವರಿಳಿಸಿ ಓಡಿಯೂ ಕಳ್ಳಿಯಾಗುವುದು ಎಂಥ ನೋವು ಎಂದು ಈ ರೋಗ ಇದ್ದವರಿಗೆ ತಿಳಿಯುತ್ತದೆ.

ಆ ನೋವಿನಿಂದ ನನ್ನನ್ನು ಎತ್ತಿದವರು ಕುಶನೂರಿನ ಅದೇ ಡಾಕ್ಟರು. ನನ್ನ ತೂಕ ನೋಡಿ, ಬೀಪಿ ನೋಡಿ, ಪೆನ್ನು ಮೇಜಿನ ಮೇಲಿಟ್ಟರು. "ಅಕ್ಕೋರೇ, ನಿಮ್ಮ ಕೆಲಸ ನೀವು ಪೂರಾ ಮಾಡೀರಿ. ಇನ್ನ ಇದು ಇಳಿಲಿಲ್ಲಂದ್ರ ತಪ್ಪು ನಿಮ್ದಲ್ಲ, ಬ್ಯಾರೇ ಏನೋ ಅದ. ಬೀದರ್‌ದಾಗ ಒಬ್ಬರು ಹೃದಯದ ಡಾಕ್ಟರ್ ಬಂದಾರ, ತೋರಸ್ರಿ" ಅಂದರು. ನಾನು ಅವರ ಮುಂದೆಯೇ ಅತ್ತುಬಿಟ್ಟೆ. ತಪ್ಪು ನಿನ್ನದಲ್ಲ ಎಂದು ಯಾರಾದರೂ ಹೇಳಲಿ ಎಂದು ನಾನು ಎಷ್ಟು ತಿಂಗಳಿಂದ ಕಾದಿದ್ದೆ ಎಂಬುದು ಆಗಲೇ ನನಗೆ ಗೊತ್ತಾದದ್ದು.

ಬೀದರ್‌ನ ಆ ಕ್ಲಿನಿಕ್ಕಿನಲ್ಲಿ ದನಿಯಿಲ್ಲದ ಟೀವಿ, ಎಕ್ಸರೇ ಕವರು ಹಿಡಿದ ಔರಾದ್ ಕಡೆಯ ರೈತರು, ಮರಾಠಿಯಲ್ಲಿ ಪಿಸುಗುಟ್ಟುವ ಮುದುಕಿಯರು. ನಮ್ಮ ಸರದಿ ಬಂದಾಗ ಬಾಗಿಲಲ್ಲಿದ್ದವಳು ಅವ್ವನ ತೋಳು ಹಿಡಿದು ಒಳಗೆ ಕರೆದೊಯ್ಯಲು ಬಂದಳು. ಅವ್ವ ನನ್ನತ್ತ ಬೆರಳು ತೋರಿಸಿದಳು.

ಡಾಕ್ಟರು ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದಾದ ಹೆಣ್ಣುಮಗಳು. ನನ್ನ ವರದಿಗಳನ್ನು ತಿರುವಿ ಹಾಕಿ, "ಚಪ್ಪಲ್ ಬಿಚ್ಚಿ ಮ್ಯಾಲ ಮಲಗ್ರಿ" ಅಂದರು. ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ತೊಡೆಯ ಸಂದಿಯಲ್ಲಿ ಒತ್ತಿ ಹಿಡಿದರು. ಆಮೇಲೆ ಪಾದದ ಮೇಲೆ ಬೆರಳಿಟ್ಟರು. ಬೆರಳನ್ನು ಅಲ್ಲಿಂದ ಇಲ್ಲಿಗೆ ಸರಿಸಿದರು, ಕಣ್ಣು ಮುಚ್ಚಿ ಕಾದರು. ಅವರು ಹುಡುಕುತ್ತಿದ್ದದ್ದು ಪಾದದ ನಾಡಿ ಎಂದು ನನಗೆ ಆಮೇಲೆ ತಿಳಿಯಿತು. ಕೊನೆಗೆ ತೋಳಿಗೆ ಪಟ್ಟಿ ಸುತ್ತಿ ನೋಡಿ, ಅದನ್ನು ಬಿಚ್ಚಿ ತೊಡೆಗೆ ದೊಡ್ಡ ಪಟ್ಟಿ ಸುತ್ತಿ ಬೀಪಿ ನೋಡಿದರು. ಕಾಲಿಗೂ ಬೀಪಿ ನೋಡುತ್ತಾರೆ ಎಂಬುದೇ ನನಗೆ ಹೊಸದು.

"ಕೈಯಾಗ ಇಷ್ಟು ಜಾಸ್ತಿ, ಕಾಲಾಗ ಇಷ್ಟು ಕಮ್ಮಿ" ಎಂದು ತಮಗೆ ತಾವೇ ಹೇಳಿಕೊಂಡರು. ನನ್ನನ್ನು ಎಬ್ಬಿಸಿ ಕೂಡಿಸಿ, ಬೆನ್ನಿನ ನಡುವೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿ, ಅದನ್ನು ಕಿವಿಯಿಂದ ತೆಗೆದು ಅವ್ವನಿಗೆ ಕೊಟ್ಟರು. "ಸಿಸ್ಟರ್, ನೀವೂ ಕೇಳ್ರಿ."

ಅವ್ವ ನನ್ನ ಹಿಂದೆ ನಿಂತಿದ್ದರಿಂದ ಅವಳ ಮುಖ ಕಾಣಲಿಲ್ಲ. ಅವಳ ಉಸಿರು ಮಾತ್ರ ನನ್ನ ಕುತ್ತಿಗೆಗೆ ತಾಗುತ್ತಿತ್ತು. ನನಗೂ ಕೇಳಬೇಕೆನಿಸಿತು. ಡಾಕ್ಟರು ನಗುತ್ತಾ ಸ್ಟೆತಸ್ಕೋಪನ್ನು ಬೆನ್ನಿಗೆ ಒತ್ತಿ ಹಿಡಿದು ನನ್ನ ಕಿವಿಗೂ ಹಾಕಿದರು. ಬಡಿತವಲ್ಲ ಅದು. ಪ್ರತಿ ಬಡಿತದ ಹಿಂದೆಯೇ ಒಂದು ಭುಸ್ ಎನ್ನುವ ಸದ್ದು, ನಲ್ಲಿಯ ಬಾಯಿಯನ್ನು ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ನುಗ್ಗುವ ಹಾಗೆ. ಇಷ್ಟು ವರ್ಷ ಹಾಡುವಾಗ, ಮಲಗಿದಾಗ, ಮಕ್ಕಳಿಗೆ ಮಗ್ಗಿ ಹೇಳಿಸುವಾಗ ನನ್ನ ಬೆನ್ನೊಳಗೆ ಈ ಸದ್ದು ನಡೆದೇ ಇತ್ತು. ನನಗೆ ಹೆದರಿಕೆಯಾಗಬೇಕಿತ್ತು, ಆದದ್ದು ಅಚ್ಚರಿ. ನನ್ನೊಳಗೆ ನನಗೇ ಗೊತ್ತಿಲ್ಲದವರು ಯಾರೋ ಇದ್ದು ಒಂದು ಕೆಲಸವನ್ನು ಬಿಡದೆ ಮಾಡುತ್ತಿದ್ದಾರೆ ಎಂದು ಅನಿಸಿತು.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹುಟ್ಟಿನಿಂದಲೇ ಒಂದು ಕಡೆ ಕಿರಿದಾಗಿದೆ, ತಲೆಗೂ ತೋಳಿಗೂ ರಕ್ತ ಜೋರಾಗಿ ಹೋಗುತ್ತದೆ, ಕೆಳಕ್ಕೆ ಇಳಿಯಲು ಕಷ್ಟಪಡುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೀಗೇ ಬಿಟ್ಟರೆ ಎಂದು ಅವ್ವ ಕೇಳಿದಳು. ಡಾಕ್ಟರು ಸುತ್ತಿಬಳಸದೆ ಹೇಳಿದರು, "ಹೃದಯ ಸೋಲ್ತದ, ಇಲ್ಲಾಂದ್ರ ತಲಿಯಾಗ ನರ ಒಡೀತದ. ಆದ್ರ ಇದಕ್ಕ ದಾರಿ ಅದರೀ, ಸಿಸ್ಟರ್." ಅವ್ವ ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡಳು.

ಹೈದರಾಬಾದಿಗೆ ಹೋಗಬೇಕಾಯಿತು. ಅಲ್ಲಿ ಸ್ಕ್ಯಾನ್ ಮಾಡಿ, ಪರದೆಯ ಮೇಲೆ ನನ್ನ ಎದೆಯನ್ನು ನನಗೇ ತೋರಿಸಿದರು. ದೊಡ್ಡ ನಾಳ ಮೇಲಿಂದ ಬಾಗಿ ಇಳಿದು ಒಂದು ಕಡೆ ದಾರದಷ್ಟಾಗಿತ್ತು. ನಾನು ಬೆರಗಾದದ್ದು ಅದಕ್ಕಲ್ಲ. ಆ ಇಕ್ಕಟ್ಟಿನ ಎರಡೂ ಬದಿಗೆ, ಪಕ್ಕೆಲುಬುಗಳ ಕೆಳಗೆ, ಸಣ್ಣ ಸಣ್ಣ ನಾಳಗಳು ದಪ್ಪಗಾಗಿ, ಸುತ್ತಿ ಸುತ್ತಿ, ಒಂದಕ್ಕೊಂದು ಕೂಡಿಕೊಂಡು ಕೆಳಗಿನವರೆಗೆ ಹೋಗಿದ್ದವು.

"ಇವು ಯಾರಿಗೂ ಇಷ್ಟು ದೊಡ್ಡ ಇರಂಗಿಲ್ಲ" ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅವರೂ ಕಲಬುರಗಿ ಕಡೆಯವರಂತೆ. "ದೊಡ್ಡ ದಾರಿ ಬಂದ್ ಇತ್ತು ನೋಡ್ರಿ. ಅದಕ್ಕ ನಿಮ್ಮ ಮೈ ತಾನೇ ಅಡ್ಡದಾರಿ ಮಾಡ್ಕೊಂಡದ. ಸಣ್ಣಾಕಿ ಇದ್ದಾಗಿಂದ."

ಭಾಲ್ಕಿ ರಸ್ತೆಯಲ್ಲಿ ಲಾರಿ ಅಡ್ಡಬಿದ್ದರೆ ಆಟೋದವರು ಸೋಯಾ ಹೊಲದ ಬದುಗುಂಟ ದಾರಿ ಹುಡುಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ನಾನು ಕನ್ನಡಿಯ ಮುಂದೆ ನಿಂತು ಬೈದ ಮೈ ಇದು. ದಪ್ಪ, ಸೋಮಾರಿ, ಹೇಳಿದ ಮಾತು ಕೇಳದ ಮೈ ಎಂದು ದೂರಿದ ಮೈ. ಅದು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ತೊಟ್ಟಿಲಿನಿಂದ ಇಲ್ಲಿಯವರೆಗೆ ನನ್ನ ಕಾಲಿಗೆ ರಕ್ತ ಮುಟ್ಟಿಸಿತ್ತು. ಸಭೆಯಲ್ಲಿ ಎಷ್ಟೋ ಸಲ ದೇವರ ಅದ್ಭುತ ಕಾರ್ಯ ಎಂದು ಹಾಡಿದ್ದೇನೆ. ಬಾಯಿಂದ ಹಾಡಿದ್ದು ಅದು. ಆ ಪರದೆಯ ಮುಂದೆ ನನ್ನ ಮೈ ಜುಮ್ಮೆಂದಿತು, ಎರಡೂ ಕೈ ತಾವಾಗಿ ಎದೆಯ ಮೇಲೆ ಬಂದವು.

ಆಪರೇಷನ್ ಎಂದರೆ ಎದೆ ಕೊಯ್ಯುವುದಿಲ್ಲ, ತೊಡೆಯ ನಾಳದಿಂದ ತಂತಿ ಏರಿಸಿ, ಕಿರಿದಾದ ಕಡೆ ಬಲೂನಿನಿಂದ ಹಿಗ್ಗಿಸಿ ಒಂದು ಜಾಳಿಗೆಯ ಕೊಳವೆ ಕೂಡಿಸುತ್ತಾರೆ. ಹಿಗ್ಗಿಸುವಾಗ ನಾಳ ಹರಿಯುವ ಅಪಾಯವೂ ಇದೆ ಎಂದು ಮೊದಲೇ ತಿಳಿಸಿದರು. ಹೊರಡುವ ಮೊದಲು ಶಿವಲೀಲಾ ಅಕ್ಕ ಬಸ್‌ಸ್ಟ್ಯಾಂಡಿಗೆ ಬಂದು, ಕಾಗದದಲ್ಲಿ ಕಟ್ಟಿದ ವಿಭೂತಿಯನ್ನು ಅವ್ವನ ಕೈಗೆ ಕೊಟ್ಟಿದ್ದರು. "ನೀವು ಹಚ್ಚಂಗಿಲ್ಲ ಅಂತ ಗೊತ್ತದರಿ. ಹಂಗೇ ಹಂತೇಲಿ ಇಟಗೋರಿ" ಅಂದಿದ್ದರು. ಬೇರೆ ದಿನವಾಗಿದ್ದರೆ ಅವ್ವ ನಯವಾಗಿ ತಪ್ಪಿಸಿಕೊಳ್ಳುತ್ತಿದ್ದಳು. ಅಂದು ಅದನ್ನು ಬೈಬಲಿನೊಳಗೆ ಇಟ್ಟುಕೊಂಡಳು.

ಒಳಗೆ ಕರೆಯುವ ಮೊದಲು ಉದ್ದನೆಯ ಹಾಲಿನಲ್ಲಿ ಕಾಯುತ್ತಿದ್ದೆವು. ಪಕ್ಕದಲ್ಲಿದ್ದ ತೆಲುಗಿನ ಮುದುಕಿಯೊಬ್ಬಳು ಅವ್ವನಿಗೆ ಎರಡು ಇಡ್ಲಿ ಕೊಟ್ಟು, ತಿನ್ನು ತಿನ್ನು ಎಂದು ಸನ್ನೆ ಮಾಡಿದಳು. ಅವ್ವ ಇಡ್ಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು.

"ಮಷೀನ್ ಖರೇನೇ ಹೇಳ್ಲತಿತ್ತು" ಅಂದಳು. "ನಾನೇ ಅದಕ್ಕ ಖರಾಬ್ ಅಂದೆ. ಅಂಗಡಿಯವನ ಕೂಡ ಜಗಳಾಡಿ ಬಂದೆ. ನಿಮ್ಮಪ್ಪಗೂ ನೋಡಲಿಲ್ಲ, ನಿನಗ ನೋಡೀನೂ ನಂಬಲಿಲ್ಲ."

ಸುಳ್ಳೇಕೆ ಹೇಳಲಿ, ಒಂದೆರಡು ದಿನ ನನಗೂ ಅವಳ ಮೇಲೆ ಸಿಟ್ಟು ಬಂದಿತ್ತು. ನನ್ನ ಬೆರಳು ಮೂಸಿದ್ದು ಮರೆತಿರಲಿಲ್ಲ. ಆದರೆ ಆ ಕ್ಷಣ ನನಗೆ ಅರ್ಥವಾಯಿತು, ಅವಳು ಯಂತ್ರವನ್ನು ನಂಬದಿದ್ದದ್ದು ಯಾಕೆಂದು. ನಂಬಿದ್ದರೆ ನನ್ನನ್ನು ಕಳೆದುಕೊಳ್ಳುವ ಮಾತನ್ನೂ ನಂಬಬೇಕಾಗುತ್ತಿತ್ತು. "ಇಡ್ಲಿ ತಿನ್ನವ್ವ, ಆಕಿ ನೋಡ್ಲತ್ತಾಳ" ಅಂದೆ. ತಿಂದಳು.

ಕಣ್ಣು ಬಿಟ್ಟಾಗ ಐಸಿಯುವಿನಲ್ಲಿದ್ದೆ. ಬಾಯಿ ಒಣಗಿತ್ತು, ಕಾಲು ಅಲ್ಲಾಡಿಸಬಾರದು ಎಂದಿದ್ದರು. ಮೊದಲು ಗೊತ್ತಾದದ್ದು ಏನೋ ಬೆಚ್ಚಗಿದೆ ಎಂಬುದು. ಯಾರೋ ಪಾದದ ಬಳಿ ಬಿಸಿನೀರಿನ ಚೀಲ ಇಟ್ಟಿರಬೇಕು ಅಂದುಕೊಂಡು ನರ್ಸಿಗೆ ಕೇಳಿದೆ. ಅವಳು ಹೊದಿಕೆ ಎತ್ತಿ ನೋಡಿ, ಏನೂ ಇಟ್ಟಿಲ್ಲ ಅಂದಳು. ಅದು ನನ್ನದೇ ಬಿಸಿ. ನನ್ನದೇ ರಕ್ತ, ಬೆರಳ ತುದಿಯವರೆಗೆ. ಎಲ್ಲರೂ ದಿನಾ ಇಂಥ ಪಾದಗಳ ಮೇಲೆಯೇ ನಡೆಯುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ ಎಂದು ನೆನೆಸಿಕೊಂಡು ಕಣ್ಣಲ್ಲಿ ನೀರು ಬಂತು. ಈಗಲೂ ದಿನಕ್ಕೊಂದು ಮಾತ್ರೆ ನುಂಗುತ್ತೇನೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಇದೆ, ಉಪ್ಪು ಅಳೆದು ತಿನ್ನುತ್ತೇನೆ, ಕುಶನೂರಿನ ದಾರಿಯಲ್ಲಿ ಓಡುತ್ತೇನೆ. ಸಣ್ಣ ವಯಸ್ಸಿನಲ್ಲಿ ಬೀಪಿ ಬಂದು ತೂಕ ಇಳಿಸಿದರೂ ಅದು ಇಳಿಯದೆ ಕೂತವರು ಇದನ್ನು ಓದುತ್ತಿದ್ದರೆ, ನಿಮ್ಮ ಡಾಕ್ಟರಿಗೆ ಕಾಲನ್ನೂ ಒಮ್ಮೆ ನೋಡಲು ಕೇಳಿ. ನನ್ನ ಹಾಗೆ ಇರಲಿಕ್ಕಿಲ್ಲ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಅಂದು ಸಂಜೆ ಅವ್ವನನ್ನು ಐದು ನಿಮಿಷ ಒಳಗೆ ಬಿಟ್ಟರು. ಅವಳು ತಲೆಯ ಕಡೆ ಬರಲಿಲ್ಲ. ಮಂಚದ ಕೆಳತುದಿಗೆ ಹೋಗಿ, ಹೊದಿಕೆ ಸರಿಸಿ, ನನ್ನ ಪಾದದ ಮೇಲೆ ಎರಡು ಬೆರಳಿಟ್ಟಳು. ಹಿರಿಯರ ಕಾಲು ಮುಟ್ಟುವುದು ನಮ್ಮ ಅಭ್ಯಾಸ, ಹಿರಿಯರಿಂದ ಮುಟ್ಟಿಸಿಕೊಳ್ಳುವುದಲ್ಲ. ನನಗೆ ಮುಜುಗರವಾಯಿತು.

"ಅವ್ವ, ಕಾಲು ಹಿಡೀಬ್ಯಾಡ."

"ಸುಮ್ನಿರು."

ಅವಳ ಕಣ್ಣು ಮುಚ್ಚಿದ್ದವು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳೋ ಪ್ರಾರ್ಥಿಸುತ್ತಿದ್ದಳೋ ತಿಳಿಯಲಿಲ್ಲ.

"ಬಡೀಲತ್ತದ" ಅಂದಳು. ಆಮೇಲೆ, ಕಣ್ಣು ತೆರೆಯದೆಯೇ, ನನಗೆ ಯಾವತ್ತೂ ಹೇಳದ ಮಾತೊಂದನ್ನು ಹೇಳಿದಳು. "ಅವತ್ತು ನಿಮ್ಮಪ್ಪಗ ದವಾಖಾನಿಗಿ ತಂದಾಗ ಕೈಯಾಗ ಹುಡುಕಿದೆ, ಕುತ್ತಿಗಿಯಾಗ ಹುಡುಕಿದೆ. ಎಲ್ಲರೂ ಸಾಕು ಬಿಡ್ರಿ ಸಿಸ್ಟರ್ ಅಂದ್ರು. ಭಾಳ ಹೊತ್ತು ಹುಡುಕಿದೆ. ಸಿಗಲಿಲ್ಲ."

ನರ್ಸು ಬಂದು ಟೈಮ್ ಆಯಿತು ಎಂದಳು. ಅವ್ವ ಬೆರಳು ತೆಗೆಯಲಿಲ್ಲ. ನಾನೂ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.